ಸೆಕೆಂಡ್ ಗೇರಲ್ಲಿ ಅತಿವೇಗ

ಲಾರಿ ಅಂದ್ರೆ ಯಮ ಅಂತ ನಂಬಿರೋರಿಗೆ ವರ್ಷಕ್ಕೊಮ್ಮೆ ಪುರಾವೆ ಸಿಗುತ್ತೆ. ಕೇಂದ್ರದ ಹೆದ್ದಾರಿ ಸಚಿವಾಲಯ ರಸ್ತೆ ಅಪಘಾತಗಳ ವರದಿ ಹೊರಡಿಸುತ್ತೆ. ಸತ್ತವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಅತಿವೇಗಕ್ಕೆ ಬಲಿ ಅಂತ ಅದರಲ್ಲಿರುತ್ತೆ. ಪತ್ರಿಕೆಗಳು ಹಾಗೇ ಎತ್ತಿ ಅಚ್ಚು ಹಾಕ್ತವೆ. ಆ ಎಪ್ಪತ್ತು ಎಲ್ಲಿಂದ ಬಂತು ಸ್ವಾಮೀ?

ದೂರದಲ್ಲಿ ನನಗೆ ಮಾವ ಆಗಬೇಕಾದವರೊಬ್ಬರು ಮೂವತ್ತು ವರ್ಷದಿಂದ ಲಾರಿ ಓಡಿಸ್ತಾರೆ. ಒಂದು ರಾತ್ರಿ ಸಿಮೆಂಟ್ ಲೋಡ್ ಹೊತ್ತು ಸೆಕೆಂಡ್ ಗೇರಲ್ಲಿ ಘಾಟಿ ಏರ್ತಿದ್ದರು. ಹಿಂದಿನಿಂದ ಬಂದ ಬೈಕ್ ಗುದ್ದಿ ಹುಡುಗನೊಬ್ಬ ಸತ್ತುಹೋದ. ಎಫ್‌ಐಆರ್‌ನಲ್ಲಿ ಏನಿತ್ತು ಗೊತ್ತಾ? ‘ಲಾರಿಯನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ...’ ತುಂಬಿದ ಲಾರಿ ಘಾಟಿಯಲ್ಲಿ ಎಷ್ಟು ವೇಗ ಹೋಗುತ್ತೆ ಅಂತ ಮಗೂನ ಕೇಳಿದ್ರೂ ಹೇಳುತ್ತೆ.

ಬರೆದ ಪೊಲೀಸಪ್ಪ ಕೆಟ್ಟವನೇನಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲಿ ಪರಿಹಾರ ಕೇಳಬೇಕಾದ್ರೆ ಇನ್ನೊಂದು ಗಾಡಿಯವನ ತಪ್ಪು ತೋರಿಸಬೇಕು. ಲಾರಿಗೆ ಇನ್ಶೂರೆನ್ಸ್ ಇದೆ, ಸತ್ತವನ ಮನೆಗೆ ನಾಕು ಕಾಸು ಬರಲಿ ಅಂತ ಬರೆದಿರಬಹುದು. ಆ ಕರುಣೆಗೆ ನನ್ನ ತಕರಾರಿಲ್ಲ. ಆದ್ರೆ ಅದೇ ಕಾಗದ ಠಾಣೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ಅಲ್ಲಿಂದ ದೆಹಲಿಗೆ ಹೋಗಿ ‘ಅಪಘಾತದ ಕಾರಣ’ ಅನ್ನೋ ಕಾಲಮ್ಮಿನಲ್ಲಿ ಕೂರುತ್ತಲ್ಲ, ಅದಕ್ಕೆ ತಕರಾರಿದೆ.

ಕಾರಣ ಹೋಗಲಿ, ತಲೆ ಎಣಿಸೋದಾದ್ರೂ ಸರಿ ಇದೆಯಾ? 2021ರಲ್ಲಿ ಸಚಿವಾಲಯದ ಪ್ರಕಾರ 4,12,432 ಅಪಘಾತ, 1,53,972 ಸಾವು. ಗೃಹ ಇಲಾಖೆಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 4,03,116 ಅಪಘಾತ, 1,55,622 ಸಾವು. ಇಬ್ಬರಿಗೂ ಮಾಹಿತಿ ಕೊಟ್ಟಿದ್ದು ಪೊಲೀಸರೇ. ಒಬ್ಬರಿಗೆ ಅಪಘಾತ ಜಾಸ್ತಿ, ಸಾವು ಕಮ್ಮಿ. ಇನ್ನೊಬ್ಬರಿಗೆ ಅದು ಉಲ್ಟಾ. 2016ಕ್ಕಂತೂ ನಮ್ಮ ಸರ್ಕಾರ 1,50,785 ಸಾವು ಅಂದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 2,99,091.

ಗಾಯಾಳುಗಳ ಲೆಕ್ಕ ಇನ್ನೂ ಮಜಾ. 2021ರಲ್ಲಿ ಅಮೆರಿಕದಲ್ಲಿ ಸುಮಾರು 43 ಸಾವಿರ ಸಾವಿಗೆ 25 ಲಕ್ಷ ಗಾಯಾಳುಗಳು. ನಮ್ಮಲ್ಲಿ ಒಂದೂವರೆ ಲಕ್ಷ ಸಾವಿಗೆ 3,84,448. ನಮ್ಮೂರಲ್ಲಿ ಬಿದ್ದೋರು ಧೂಳು ಕೊಡವಿಕೊಂಡು ಎದ್ದು ಹೋಗ್ತಾರಾ? ಕೈಕಾಲು ಮುರಿದೋರ ಹೆಸರು ಆಸ್ಪತ್ರೆಯ ಪುಸ್ತಕದಲ್ಲಿದ್ರೂ ಠಾಣೆಯ ಪುಸ್ತಕಕ್ಕೆ ಬಂದಿಲ್ಲ, ಅಷ್ಟೇ.

ಇಷ್ಟಾಗಿ, ‘ಲಾರಿ’ ಅಂದ್ರೆ ಯಾವುದು? ಹಳೇ ವರದಿಗಳಲ್ಲಿ ಟ್ರಕ್ಕು, ಟೆಂಪೊ, ಟ್ರ್ಯಾಕ್ಟರ್ ಎಲ್ಲಾ ಒಂದೇ ಮೂಟೆ. ಕಬ್ಬು ಹೇರಿದ ಟ್ರ್ಯಾಕ್ಟರ್ ಮಗುಚಿದ್ರೂ ಹೆದ್ದಾರಿಯ ಹದಿನಾಲ್ಕು ಚಕ್ರದವನ ಪಕ್ಕದಲ್ಲೇ ಜಮೆ. ಇನ್ನು ಲಾರಿ ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿತು ಅನ್ನೋದು ಆ ವರದಿಯಲ್ಲಿ ಇಲ್ಲವೇ ಇಲ್ಲ. ದಿನಕ್ಕೆ ನಾನೂರು ಕಿಲೋಮೀಟರ್ ಓಡೋದನ್ನೂ ಭಾನುವಾರ ಮಾತ್ರ ಹೊರಡೋ ಕಾರನ್ನೂ ಹೋಲಿಸಿ ಯಾರು ಅಪಾಯಕಾರಿ ಅಂತ ಹೇಗ್ರೀ ಹೇಳ್ತೀರಿ?

ಲಾರಿಯವರೆಲ್ಲ ಸಾಚಾ ಅಂತ ನಾನು ಹೇಳ್ತಿಲ್ಲ. ಹಿಂದಿನ ದೀಪ ಸತ್ತ, ಕೆಂಪು ರಿಫ್ಲೆಕ್ಟರ್ ಕಿತ್ತುಹೋದ, ಕತ್ತಲಲ್ಲಿ ರಸ್ತೆ ಮೇಲೇ ನಿಲ್ಲಿಸಿದ ಲಾರಿಗಳನ್ನ ನಾನೂ ನೋಡಿ ಬೆವತಿದ್ದೀನಿ. ಆ ತಪ್ಪು ಕೂಡ ಇದೇ ‘ಅತಿವೇಗ’ದೊಳಗೆ ಮುಚ್ಚಿಹೋಗಬಹುದು ಅನ್ನೋದೇ ನನ್ನ ಸಿಟ್ಟು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಅಂತಿತ್ತು. ಸಚಿವಾಲಯದ ಪಟ್ಟಿಯಲ್ಲಿ ಅತಿವೇಗ, ಕುಡಿತ, ರಾಂಗ್ ಸೈಡು, ಮೊಬೈಲು, ‘ಇತರೆ’ ಇವೆ. ಹದಿನೆಂಟು ಗಂಟೆ ಸ್ಟೀರಿಂಗ್ ಹಿಡಿದು ತೂಕಡಿಸಿದವನಿಗೆ ‘ಇತರೆ’ಯೇ ಗತಿ. ನಿದ್ದೆಗೆ ಕಾಲಮ್ ಇದ್ದಿದ್ರೆ ಮಾಲೀಕನೂ ಉತ್ತರ ಕೊಡಬೇಕಾಗ್ತಿತ್ತಲ್ಲ!

ಇಂಥ ಲೆಕ್ಕ ಎದುರಿಗಿಟ್ಟುಕೊಂಡೇ ಶಿಕ್ಷೆಯ ಮಾತು ನಡೆಯೋದು. ಹೊಸ ನ್ಯಾಯ ಸಂಹಿತೆಯ 106(2), ಗುದ್ದಿ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಜೈಲು ಅಂತು. 2024ರ ಜನವರಿಯಲ್ಲಿ ಡ್ರೈವರುಗಳು ಲಾರಿ ನಿಲ್ಲಿಸಿದ ಮೇಲೆ ಸರ್ಕಾರ ಆ ಕಲಮನ್ನು ತಡೆಹಿಡಿಯಿತು. ನಿಂತರೆ ಜನ ಬಡೀತಾರೆ, ಓಡಿದ್ರೆ ಹತ್ತು ವರ್ಷ ಅನ್ನೋದು ಅವರ ಮಾತಾಗಿತ್ತು.

ಐಐಟಿ ಮದ್ರಾಸಿನವರು ಮಾಡಿಕೊಟ್ಟ ಐರಾಡ್ ಅನ್ನೋ ಆಪ್ ಈಗ ಠಾಣೆಗಳಲ್ಲಿದೆ. ಮೊದಲು ಶುರುವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಳ್ಳೇದೇ. ಆದ್ರೆ ಅದರಲ್ಲಿ ಬೆರಳು ಒತ್ತೋನು ಅದೇ ಪೊಲೀಸಪ್ಪ, ಅವನ ಎದುರಿಗೆ ಕೂತಿರೋದು ಅದೇ ಸತ್ತ ಹುಡುಗನ ಅಪ್ಪ. ಪರಿಹಾರಕ್ಕೂ ತಪ್ಪಿಗೂ ಹಾಕಿರೋ ಗಂಟು ಬಿಚ್ಚದೆ ಆಪ್ ಬದಲಾಯಿಸಿದ್ರೆ ಅದೇ ಸುಳ್ಳು ಇನ್ನೂ ಬೇಗ ದೆಹಲಿ ತಲುಪುತ್ತೆ.

ಮಾವ ಈಗಲೂ ವಾಯಿದೆಗೆ ಹೋಗ್ತಾರೆ. ಆ ದಿನದ ಬಾಡಿಗೆ ಹೋಯ್ತು. ಹುಡುಗನ ಅಪ್ಪನೂ ಬರ್ತಾರಂತೆ, ಇಬ್ಬರೂ ಕೋರ್ಟಿನ ಹೊರಗೆ ಒಂದೇ ಗಾಡಿಯಲ್ಲಿ ಟೀ ಕುಡೀತಾರಂತೆ.