ಬಿಪಿ ಇಲ್ಲದವರಿಗೆ ಬಿಪಿ ಮಾತ್ರೆ

ಬಿಪಿ ಮಾತ್ರೆಗಳಾದ ಎನಲಾಪ್ರಿಲ್, ರಾಮಿಪ್ರಿಲ್‌ಗಳನ್ನು ‘ಹಾವಿನ ವಿಷದ ಮಾತ್ರೆ’ ಎಂದು ಕರೆಯುವ ಚಟವನ್ನು ಪತ್ರಿಕೆಗಳು ಇನ್ನೂ ಬಿಟ್ಟಿಲ್ಲ. ಮಾತ್ರೆಯಲ್ಲಿ ವಿಷದ ಹನಿಯೂ ಇಲ್ಲ. ವಿಷ ದಾರಿ ತೋರಿಸಿತು, ಅದೂ ಸುತ್ತುದಾರಿ.

1949ರಲ್ಲಿ ಬ್ರೆಜಿಲ್‌ನ ರೋಚಾ ಎ ಸಿಲ್ವ ಮತ್ತು ಸಂಗಡಿಗರು ಜರರಾಕ ಹಾವಿನ ವಿಷವನ್ನು ನಾಯಿಯ ರಕ್ತದ್ರವಕ್ಕೆ ಬೆರೆಸಿದಾಗ ರಕ್ತನಾಳ ಹಿಗ್ಗಿಸುವ ಬ್ರ್ಯಾಡಿಕೈನಿನ್ ಸಿಕ್ಕಿತು. ಅದು ಹಾವಿನ ಸೊತ್ತಲ್ಲ, ರಕ್ತದಿಂದಲೇ ಬಂದದ್ದು. 1965ರಲ್ಲಿ ಸೆರ್ಜಿಯೊ ಫೆರೇರಾ ವಿಷದೊಳಗೆ ಇನ್ನೊಂದು ವಸ್ತು ಕಂಡರು. ಅದು ಬ್ರ್ಯಾಡಿಕೈನಿನ್‌ನ ಬಲ ಹೆಚ್ಚಿಸುತ್ತಿತ್ತು. ಲಂಡನ್‌ನ ಜಾನ್ ವೇನ್ ಪ್ರಯೋಗಾಲಯದಲ್ಲಿ ಅದರ ಗುಟ್ಟು ಹೊರಬಿತ್ತು: ಬ್ರ್ಯಾಡಿಕೈನಿನ್ ಒಡೆಯುವ ಕಿಣ್ವವೇ ನಾಳಗಳನ್ನು ಬಿಗಿಯುವ ಆಂಜಿಯೊಟೆನ್ಸಿನ್ ಅನ್ನೂ ತಯಾರಿಸುತ್ತದೆ; ವಿಷದ ವಸ್ತು ಆ ಕಿಣ್ವವನ್ನೇ ತಡೆಯುತ್ತಿತ್ತು. ಆದರೆ ಅದನ್ನು ಚುಚ್ಚಿಯೇ ಕೊಡಬೇಕಿತ್ತು. ಸ್ಕ್ವಿಬ್ ಕಂಪನಿಯ ಒಂಡೆಟ್ಟಿ ಮತ್ತು ಕುಶ್ಮನ್ ಕಿಣ್ವದ ನಡುವಿನ ಸತುವಿನ ಪರಮಾಣುವಿಗೆ ಕಚ್ಚಿಕೊಳ್ಳುವ ಪುಟ್ಟ ರಾಸಾಯನಿಕವನ್ನು ಲೆಕ್ಕ ಹಾಕಿ ಕಟ್ಟಿದರು. ಅದೇ ಕ್ಯಾಪ್ಟೊಪ್ರಿಲ್, 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು; ಎನಲಾಪ್ರಿಲ್, ರಾಮಿಪ್ರಿಲ್ ಅದರ ಬಳಗದವು.

ಹಾವಿನ ಕಥೆ ಇಷ್ಟು ಬೆಳೆದರೂ ಔಷಧಿ ಅಂಗಡಿಯ ಮುಂದೆ ಕೇಳಿಬರುವ ಪ್ರಶ್ನೆಗೆ ಉತ್ತರವಿಲ್ಲ: ‘ನಮ್ಮಪ್ಪನಿಗೆ ಬಿಪಿನೇ ಇಲ್ಲ, ಹಾರ್ಟ್ ವೀಕು ಅಷ್ಟೇ, ಬಿಪಿ ಮಾತ್ರೆ ಯಾಕೆ ಬರೆದಿದ್ದಾರೆ?’ ಕೇಳಬೇಕಾದದ್ದು ಇದನ್ನೇ.

ಹೃದಯ ಸೋತು ರಕ್ತ ಕಡಿಮೆ ತಲುಪಿದಾಗ ಮೂತ್ರಪಿಂಡ ಅದನ್ನು ನೀರಿನ ಕೊರತೆ ಎಂದು ಭಾವಿಸಿ ರೆನಿನ್ ಎಂಬ ಕಿಣ್ವ ಸುರಿಸುತ್ತದೆ. ಅದರಿಂದ ಹೆಚ್ಚುವ ಆಂಜಿಯೊಟೆನ್ಸಿನ್ ನಾಳಗಳನ್ನು ಬಿಗಿಯುತ್ತದೆ, ಆಲ್ಡೊಸ್ಟಿರೋನ್ ಎಂಬ ಹಾರ್ಮೋನು ಉಪ್ಪು, ನೀರು ಹಿಡಿದಿಡುತ್ತದೆ, ಸೋತ ಹೃದಯದ ಮೇಲೆ ಇನ್ನಷ್ಟು ಹೊರೆ ಬೀಳುತ್ತದೆ. ‘ಪ್ರಿಲ್’ ಮಾತ್ರೆ ಮುರಿಯುವುದು ಈ ಸುಳಿಯನ್ನು. ಒತ್ತಡ ಇಳಿಸಿದರಷ್ಟೇ ಸಾಕಾಗಿದ್ದರೆ ಇನ್ನೊಂದು ಬಿಪಿ ಮಾತ್ರೆ ಪ್ರಜೋಸಿನ್ ಕೂಡ ಜೀವ ಉಳಿಸಬೇಕಿತ್ತು. 1986ರಲ್ಲಿ ಹೃದಯ ಸೋತವರ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯ ಫಲಿತಾಂಶದಲ್ಲಿ ಅದು ಉಳಿಸಲಿಲ್ಲ. ಮರುವರ್ಷ ಉತ್ತರ ಯುರೋಪಿನಲ್ಲಿ, ತೀವ್ರ ಹೃದಯ ವೈಫಲ್ಯದ 253 ರೋಗಿಗಳ ಅಧ್ಯಯನದ ಫಲಿತಾಂಶ ಬಂತು: ಆರು ತಿಂಗಳೊಳಗೆ ಸತ್ತವರು ಹುಸಿಮಾತ್ರೆಯ ಗುಂಪಿನಲ್ಲಿ ಶೇ. 44, ಎನಲಾಪ್ರಿಲ್ ಗುಂಪಿನಲ್ಲಿ ಶೇ. 26.

ಬಿಪಿಗೂ ಕೊಡುವ ಬೀಟಾ ತಡೆ (ಬೀಟಾ ಬ್ಲಾಕರ್) ಮಾತ್ರೆಗಳದ್ದೂ ಇಂಥದೇ ಕಥೆ. ಒಂದು ಕಾಲಕ್ಕೆ ಸೋತ ಹೃದಯಕ್ಕೆ ನಿಷಿದ್ಧವಾಗಿದ್ದ ಕಾರ್ವೆಡಿಲಾಲ್, ಮೆಟೊಪ್ರೊಲಾಲ್‌ಗಳನ್ನು ಇಂದು ಸಣ್ಣ ಪ್ರಮಾಣದಿಂದ ಆರಂಭಿಸಿ ಮೆಲ್ಲನೆ ಏರಿಸುತ್ತಾರೆ.

‘ಪ್ರಿಲ್’ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಒಡೆಯದೆ ಉಳಿದ ಬ್ರ್ಯಾಡಿಕೈನಿನ್ ಮೇಲೆಯೇ ಹೆಚ್ಚಿನ ಗುಮಾನಿ. ಅಂಥವರಿಗೆ ಲೊಸಾರ್ಟನ್, ವಲ್ಸಾರ್ಟನ್‌ಗಳಿವೆ. ಎರಡೂ ಬಗೆ ಗರ್ಭಿಣಿಯರಿಗೆ ಸಲ್ಲದು. ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಎರಡಕ್ಕೂ ಬೇಕು.