ಗಾಜಿನ ತೊಟ್ಟಿಯಲ್ಲಿ ತಾರತಮ್ಯ

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದನ್ನು ಕಂಡು ನಮ್ಮ ಪೂರ್ವಿಕರು ಅರಾಜಕವಾದ ನಾಡಿನ ಅವಸ್ಥೆಗೆ ಮಾತ್ಸ್ಯನ್ಯಾಯವೆಂದು ಹೆಸರಿಟ್ಟರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಮಾತು ಬಂದಿರುವುದನ್ನು ವಾಚಕರು ಬಲ್ಲರು. ಆದರೆ ಒಂದೇ ಜಾತಿಯ ಗಂಡುಮೀನುಗಳು ಒಂದೆಡೆ ಸೇರಿದಾಗ ನಡೆಯುವ ನ್ಯಾಯವೇ ಬೇರೆ. ಅಲ್ಲಿ ಮೇಲುಕೀಳುಗಳ ಒಂದು ಸೋಪಾನವು ಏರ್ಪಡುವುದು.

ಆಫ್ರಿಕಾ ಖಂಡದ ಟ್ಯಾಂಗನೀಕ ಸರೋವರದಲ್ಲಿ ಬರ್ಟೋನಿ ಎಂಬ ಸಣ್ಣ ಮೀನುಂಟು. ಅದರ ಗಂಡುಗಳಲ್ಲಿ ಗೆದ್ದುದು ನೀಲಿ ಅಥವಾ ಹಳದಿ ಬಣ್ಣವನ್ನು ತಾಳಿ, ಕಣ್ಣಿನ ಬಳಿ ಕಪ್ಪು ಪಟ್ಟೆಯನ್ನು ಧರಿಸಿ, ತನ್ನ ಎಲ್ಲೆಯನ್ನು ಕಾಯುತ್ತದೆ. ಸೋತುದು ಮರಳಿನ ಬಣ್ಣಕ್ಕಿಳಿದು ಹೆಣ್ಣುಗಳ ಗುಂಪಿನಲ್ಲಿ ಸೇರಿಕೊಳ್ಳುತ್ತದೆ. ಈ ಪದವಿಗಳು ಶಾಶ್ವತವೆಂದು ಭಾವಿಸಬೇಡಿ. ಯಜಮಾನಮೀನನ್ನು ತೊಟ್ಟಿಯಿಂದ ತೆಗೆದರೆ, ಅಡಗಿದ್ದ ಕೆಳಗಿನದು ಕೆಲವೇ ನಿಮಿಷಗಳಲ್ಲಿ ಬಣ್ಣವೇರಿ ಅಧಿಕಾರ ವಹಿಸುವುದು!

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇನ್ನೂ ವಿಸ್ಮಯಕರವಾದುದು. ಐದು ಗಂಡುಗಳಲ್ಲಿ ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಹೀಗೆ ಕ್ರಮವಾಗಿ ಸೋಲಿಸುವಂತೆ ಅವರು ಕಾದಾಟಗಳನ್ನು ಏರ್ಪಡಿಸಿದರು. ಬೇರೊಂದು ಗಂಡು ಗಾಜಿನ ಆಚೆಯಿಂದ ಇವನ್ನು ನೋಡುತ್ತಿದ್ದಿತು. ಬಳಿಕ, ತಮ್ಮತಮ್ಮೊಳಗೆ ಎಂದೂ ಕಾದಾಡದಿದ್ದ ಎರಡನೆಯ ಮತ್ತು ನಾಲ್ಕನೆಯ ಮೀನುಗಳನ್ನು ಅದರ ಇಕ್ಕೆಲಗಳಲ್ಲಿರಿಸಲು, ಅದು ದುರ್ಬಲವಾದ ನಾಲ್ಕನೆಯದರ ಕಡೆಗೇ ಹೆಚ್ಚಾಗಿ ಸರಿಯಿತು. ಕಂಡುದರಿಂದ ಕಾಣದುದನ್ನು ತಿಳಿಯುವುದನ್ನು ನಮ್ಮ ತಾರ್ಕಿಕರು ಅನುಮಾನವೆನ್ನುವರು. ಮೂಕಪ್ರಾಣಿಗೂ ಅದರ ಒಂದಂಶವು ಲಭಿಸಿದೆ.

ಮನೆಯಲ್ಲಿ ಮೀನು ಸಾಕುವ ಗೃಹಸ್ಥರು ಇದರಿಂದ ತಿಳಿಯತಕ್ಕುದೇನು? ಸರೋವರದಲ್ಲಿ ಸೋತ ಮೀನು ಓಡಿಹೋಗಿ ಬದುಕಿಕೊಳ್ಳುವುದು. ಮೊಳದುದ್ದದ ತೊಟ್ಟಿಯಲ್ಲಿ ಅದು ಎಲ್ಲಿಗೆ ಹೋದೀತು? ಗೆದ್ದುದರ ಕಣ್ಣಿಗೆ ಪದೇಪದೇ ಬಿದ್ದು, ಅಟ್ಟಿಸಿಕೊಂಡು, ಮೂಲೆ ಹಿಡಿದು, ಆಹಾರವನ್ನು ಬಿಟ್ಟು, ಕಡೆಗೆ ಸಾಯುವುದು. ಮಕ್ಕಳು ಗೆದ್ದ ಮೀನನ್ನು ದುಷ್ಟವೆಂದು ಬೈಯುವರು. ಓಡಲು ದಾರಿಯಿಲ್ಲದಂತೆ ಗಾಜಿನ ಗೋಡೆ ಕಟ್ಟಿದವರು ನಾವಲ್ಲವೆ?

ಆದಕಾರಣ ತೊಟ್ಟಿಯು ವಿಶಾಲವಾಗಿರಲಿ. ಒಂದರ ಕಣ್ಣಿಗೆ ಮತ್ತೊಂದು ಮರೆಯಾಗುವಂತೆ ಕಲ್ಲು, ಗಿಡ, ಒಡೆದ ಕುಡಿಕೆಗಳನ್ನಿರಿಸಿರಿ. ಎರಡೇ ಗಂಡುಗಳಿದ್ದರೆ ರೋಷವೆಲ್ಲವೂ ಒಂದರ ಮೇಲೆಯೇ ಬೀಳುವುದೆಂಬುದನ್ನು ಮರೆಯದಿರಿ. ಸಯಾಮಿನ ಕಾಳಗದ ಮೀನಿನ ಎರಡು ಗಂಡುಗಳನ್ನಂತೂ ಒಂದೇ ಪಾತ್ರೆಯಲ್ಲಿ ಎಂದಿಗೂ ಬಿಡಕೂಡದು. ರೆಕ್ಕೆ ಹರಿದು ಮೂಲೆಸೇರಿದ ಮೀನು ಕಂಡರೆ ಆ ದಿನವೇ ಬೇರೆ ಪಾತ್ರೆಗೆ ಸಾಗಿಸಿರಿ.

ಮೇಲುಕೀಳುಗಳನ್ನು ತೊಟ್ಟಿಯಿಂದ ನಿರ್ಮೂಲಮಾಡುವುದು ನಮ್ಮಿಂದಾಗದು. ಕೀಳಾದುದಕ್ಕೂ ಉಸಿರಾಡುವಷ್ಟು ಎಡೆಯನ್ನು ಕಲ್ಪಿಸುವುದು ನಮ್ಮ ಕೈಯಲ್ಲಿದೆ. ಯಜಮಾನರೆನಿಸಿಕೊಂಡವರ ಧರ್ಮವೂ ಅದೇ.