ವಿಶ್ವವಿದ್ಯಾಲಯದ ಹೆಸರೋ, ಕಾಲೇಜಿನ ಪಾಠವೋ?

ಪಿಯುಸಿ ಫಲಿತಾಂಶ ಪ್ರಕಟವಾದ ಕೂಡಲೇ ನಮ್ಮ ಬೆಳೆಗಾರರ ಮನೆಗಳಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ವಿಜ್ಞಾನ ಓದಿದ ಮಕ್ಕಳ ದಾರಿ ಪ್ರವೇಶ ಪರೀಕ್ಷೆಯ ಅಂಕಗಳಿಂದ ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ. ವಾಣಿಜ್ಯ ಓದಿದವರ ವಿಷಯ ಹಾಗಲ್ಲ. ಬಿ.ಕಾಂ. ಸೇರಬೇಕೋ, ಬಿ.ಬಿ.ಎ. ಸೇರಬೇಕೋ, ಹತ್ತಿರದ ಪೇಟೆಯಲ್ಲಿ ಓದಬೇಕೋ, ಬೆಂಗಳೂರಿಗೆ ಹೋಗಬೇಕೋ ಎಂಬ ಪ್ರಶ್ನೆಗಳಿಗೆ ನೆಂಟರು ಒಂದು ಹೇಳುತ್ತಾರೆ, ನೆರೆಮನೆಯವರು ಇನ್ನೊಂದು ಹೇಳುತ್ತಾರೆ. ಕೊನೆಗೆ ಯಾವುದೋ ವಿಶ್ವವಿದ್ಯಾಲಯದ ದೊಡ್ಡ ಹೆಸರು ಕೇಳಿ, ಆ ವರ್ಷದ ಅಡಿಕೆಯ ಇಲ್ಲವೆ ಕಾಫಿಯ ಹಣವನ್ನು ಕಟ್ಟಿ ಬರುವುದೇ ಹೆಚ್ಚು. ಸಣ್ಣ ಹಿಡುವಳಿದಾರನಿಗೆ ಇದು ಮೂರು ವರ್ಷದ ಫಸಲಿನ ಪ್ರಶ್ನೆ. ಆದುದರಿಂದ ಈ ಬಗ್ಗೆ ನಾಲ್ಕು ಮಾತು ಹೇಳುವುದು ಸೂಕ್ತವೆಂದು ಭಾವಿಸಿದ್ದೇವೆ.

ಈ ವಿಚಾರಕ್ಕೆ ಉದಾಹರಣೆಯಾಗಿ ನಮ್ಮ ತೋಟದ ಸೀಮೆಯನ್ನು ಬಿಟ್ಟು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳನ್ನು ತೆಗೆದುಕೊಂಡಿದ್ದೇವೆ. ಅಲ್ಲಿನದು ಕಬ್ಬು, ತಂಬಾಕು ಬೆಳೆಯುವ ನಾಡು. ಕಾಫಿ ಗಿಡ ಅಲ್ಲಿಲ್ಲ. ಆದರೆ ವಿಶ್ವವಿದ್ಯಾಲಯದ ಆಯ್ಕೆ ಎಂಬುದು ಅಲ್ಲಿನ ರೈತರಿಗೆ ದಿನನಿತ್ಯದ ಸಂಗತಿ. ಏಕೆಂದರೆ ಅವರ ಮುಂದೆ ಎರಡು ರಾಜ್ಯಗಳ ಎರಡು ವಿಶ್ವವಿದ್ಯಾಲಯಗಳು ಇವೆ.

ಗಡಿಯ ಐದು ತಾಲೂಕುಗಳು

ಈ ಭಾಗ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಯಾಗುವ ತನಕ ಇಲ್ಲಿನ ಮಕ್ಕಳು ಪಡೆಯುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯದ ಪದವಿ. ಆನಂತರ ಧಾರವಾಡ ಬಂತು. 1962ರಲ್ಲಿ ಕೊಲ್ಹಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ ಆರಂಭವಾಯಿತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಜಿಲ್ಲೆಯ ಪದವಿ ಕಾಲೇಜುಗಳು ಧಾರವಾಡದಿಂದ ಬೇರೆಯಾಗಿ ಅದರ ಸಂಯೋಜನೆಗೆ ಬಂದವು.

ಇಂದು ನಿಪ್ಪಾಣಿಯ ರೈತನೊಬ್ಬನಿಗೆ ಕೊಲ್ಹಾಪುರ ಸುಮಾರು 40 ಕಿಲೋಮೀಟರ್, ಬೆಳಗಾವಿ ಸುಮಾರು 75 ಕಿಲೋಮೀಟರ್. ಕಾಗವಾಡದವರಿಗೆ ಮಿರಜ ಪಕ್ಕದ ಪೇಟೆ. ಬೆಳಗಾವಿ ನೂರು ಕಿಲೋಮೀಟರಿಗೂ ಆಚೆ. ರಾಯಬಾಗ, ಕುಡಚಿ, ಉಗಾರ ಖುರ್ದ, ಶೇಡಬಾಳದವರು ಒಂದೇ ರೈಲು ದಾರಿಯಲ್ಲಿ ಈ ಕಡೆ ಬೆಳಗಾವಿಗೂ ಆ ಕಡೆ ಮಿರಜಕ್ಕೂ ಹೋಗಬಲ್ಲರು. ನಿಪ್ಪಾಣಿಯಲ್ಲಿಯಂತೂ ಈ ಆಯ್ಕೆ ಕಾಲ್ನಡಿಗೆಯ ದೂರದಲ್ಲಿದೆ. ಊರಿನಲ್ಲಿ ಕೆ.ಎಲ್.ಇ. ಸಂಸ್ಥೆಯ ಜಿ.ಐ. ಬಾಗೇವಾಡಿ ಕಾಲೇಜು ಇದೆ. ಅದು ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಊರಿಗೆ ಹೊಂದಿಕೊಂಡಿರುವ ಅರ್ಜುನನಗರದಲ್ಲಿ ದೇವಚಂದ ಕಾಲೇಜು ಇದೆ. ಅದು ನಿಂತ ನೆಲ ಮಹಾರಾಷ್ಟ್ರದ ಕಾಗಲ್ ತಾಲೂಕಿನದು, ಕೊಡಿಸುವ ಪದವಿ ಶಿವಾಜಿ ವಿಶ್ವವಿದ್ಯಾಲಯದ್ದು. ಎರಡರಲ್ಲಿಯೂ ವಾಣಿಜ್ಯ ವಿಭಾಗವಿದೆ. ಒಂದೇ ಓಣಿಯ ಇಬ್ಬರು ಗೆಳೆಯರು ಬೆಳಿಗ್ಗೆ ಮನೆಯಿಂದ ಹೊರಟು ಎರಡು ರಾಜ್ಯಗಳ ಬಿ.ಕಾಂ. ಓದಿ ಸಂಜೆ ಮನೆಗೆ ಮರಳಬಹುದು.

ಹೀಗಿರುವಾಗ ಯಾವುದು ಮೇಲು? ನಮ್ಮ ಉತ್ತರ ಇದು: ವಿಶ್ವವಿದ್ಯಾಲಯ ಮಾನ್ಯತೆ ಪಡೆದದ್ದಾಗಿದ್ದರೆ ಸಾಕು. ಅದಾದ ಮೇಲೆ ನೋಡಬೇಕಾದದ್ದು ಪಾಠ ಹೇಳುವ ಕಾಲೇಜನ್ನು, ಮತ್ತು ಓದು ಮುಗಿದ ಮೇಲೆ ಮಗುವು ಎಲ್ಲಿ, ಯಾವ ಕೆಲಸ ಮಾಡಲಿದೆ ಎಂಬುದನ್ನು.

ಪದವಿ ಒಬ್ಬರದು, ಪಾಠ ಇನ್ನೊಬ್ಬರದು

ನಮ್ಮ ದೇಶದ ಪದ್ಧತಿಯಲ್ಲಿ ಪಠ್ಯಕ್ರಮ ಗೊತ್ತುಮಾಡುವುದು, ಪರೀಕ್ಷೆ ನಡೆಸುವುದು, ಪದವಿ ಪತ್ರ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ತರಗತಿ ನಡೆಸುವುದು ಸಂಯೋಜಿತ ಕಾಲೇಜಿನ ಕೆಲಸ. ಸ್ವಾಯತ್ತ ಕಾಲೇಜುಗಳು ಮಾತ್ರ ತಮ್ಮ ಪಠ್ಯ ಮತ್ತು ಪರೀಕ್ಷೆಗಳನ್ನು ತಾವೇ ನೋಡಿಕೊಳ್ಳುತ್ತವೆ. ಅಲ್ಲಿಯೂ ಪದವಿ ವಿಶ್ವವಿದ್ಯಾಲಯದ್ದೇ. ಚಿಕ್ಕೋಡಿಯ ಬಸವಪ್ರಭು ಕೋರೆ ಕಾಲೇಜಿನಲ್ಲಿ ಬಿ.ಕಾಂ. ಓದಿದವನಿಗೂ ಬೆಳಗಾವಿ ನಗರದ ಸಂಯೋಜಿತ ಕಾಲೇಜಿನಲ್ಲಿ ಓದಿದವನಿಗೂ ದೊರೆಯುವ ಪದವಿ ಒಂದೇ ವಿಶ್ವವಿದ್ಯಾಲಯದ್ದು. ಹಾಗಾದರೆ ನಗರದಲ್ಲಿ ಕೋಣೆ ಬಾಡಿಗೆ, ಊಟದ ಖರ್ಚು ಹೊತ್ತು ಓದಿಸುವುದರಿಂದ ಬರುವ ಹೆಚ್ಚಿನ ಲಾಭವೇನು ಎಂದು ತಂದೆತಾಯಿ ಕೇಳಿಕೊಳ್ಳಬೇಕು. ಲಾಭವಿದ್ದರೆ ಅದು ಒಳ್ಳೆಯ ಉಪನ್ಯಾಸಕರಿಂದ, ಗ್ರಂಥಾಲಯದಿಂದ, ಹತ್ತಿರವಿರುವ ಲೆಕ್ಕಪರಿಶೋಧಕರ ಕಚೇರಿಗಳಿಂದ ಬರಬೇಕೇ ಹೊರತು ಪದವಿ ಪತ್ರದಿಂದಲ್ಲ.

ಆದ್ದರಿಂದ ಅರ್ಜಿ ಹಾಕುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಕಾಲೇಜಿಗೆ ಹೋಗಿಬರುವುದು ಲೇಸು. ಲೆಕ್ಕಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರು ಎಷ್ಟು ಮಂದಿ ಎಂದು ಕೇಳಿರಿ. ಕಳೆದ ಮೂರು ವರ್ಷಗಳಲ್ಲಿ ಕೊನೆಯ ಪರೀಕ್ಷೆಗೆ ಕುಳಿತವರೆಷ್ಟು, ಒಂದೇ ಸಲಕ್ಕೆ ತೇರ್ಗಡೆಯಾದವರೆಷ್ಟು ಎಂದು ಕೇಳಿರಿ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನು ಮಕ್ಕಳ ಕೈಯಲ್ಲಿ ಮಾಡಿಸುತ್ತಾರೆಯೇ, ಅಥವಾ ಹಲಗೆಯ ಮೇಲೆ ಬರೆದು ಮುಗಿಸುತ್ತಾರೆಯೇ ಎಂದು ನೋಡಿರಿ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ, 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆ ಕಾಲೇಜುಗಳ ಗುಣಮಟ್ಟವನ್ನು ಅಳೆಯುತ್ತದೆ. ಅದು ನೀಡಿದ ಮಾನ್ಯತೆ ಯಾವ ವರ್ಷದ್ದು, ಅವಧಿ ಮುಗಿದಿದೆಯೇ ಎಂಬುದನ್ನೂ ವಿಚಾರಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿ ಎರಡನೆಯ ವರ್ಷದಲ್ಲಿರುವ ನಾಲ್ಕು ವಿದ್ಯಾರ್ಥಿಗಳನ್ನು ಮಾತನಾಡಿಸಿರಿ. ಅಡಿಕೆ ಕೊಳ್ಳುವವನು ಚೀಲದ ಬಾಯಿ ನೋಡಿ ಬೆಲೆ ಕಟ್ಟುವುದಿಲ್ಲ, ಒಳಗೆ ಕೈ ಹಾಕಿ ನೋಡುತ್ತಾನೆ. ಕಾಲೇಜಿನ ವಿಷಯದಲ್ಲಿಯೂ ಅದೇ ನೀತಿ.

ಮಾನ್ಯತೆಯ ವಿಷಯದಲ್ಲಿ ಮಾತ್ರ ಸ್ವಲ್ಪವೂ ಉದಾಸೀನ ಸಲ್ಲದು. ರಾಯಬಾಗಕ್ಕೆ ನೆರೆಯ ತಾಲೂಕಾದ ಗೋಕಾಕದ ವಿಳಾಸ ಹೊಂದಿದ್ದ ‘ಬಡಗಾಣವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ’ ಎಂಬ ಹೆಸರನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಹಲವು ವರ್ಷ ಪ್ರಕಟಿಸಿದೆ. ಸರಕಾರದ್ದೇ ಆದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೂ ಒಮ್ಮೆ ಕಷ್ಟ ಬಂದಿತ್ತು. ಅದರ ಮಾನ್ಯತೆ ಮುಂದುವರಿದಿಲ್ಲವೆಂದು ಆಯೋಗ 2015ರಲ್ಲಿ ಪ್ರಕಟಿಸಿತು. 2018ರಲ್ಲಿ ಅದು ಮರಳಿ ದೊರೆಯಿತು. ನಡುವಿನ ಅವಧಿಯಲ್ಲಿ ಪೇಚಿಗೆ ಸಿಲುಕಿದವರು ವಿದ್ಯಾರ್ಥಿಗಳೇ. ದೂರಶಿಕ್ಷಣ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ತೋಟ ನೋಡಿಕೊಳ್ಳುತ್ತಾ ಓದುವವರಿಗೆ ಅದು ವರದಾನ. ಆದರೆ ಸೇರುವ ವರ್ಷದಲ್ಲಿ, ಸೇರುವ ಪದವಿಗೆ ಮಾನ್ಯತೆ ಇದೆಯೇ ಎಂದು ಆಯೋಗದ ಪಟ್ಟಿಯಲ್ಲಿ ನೋಡಿಯೇ ಹಣ ಕಟ್ಟಬೇಕು.

ಗಡಿ ದಾಟುವ ಮುನ್ನ

ಮೊದಲು ಎರಡೂ ಕಡೆ ಬಿ.ಕಾಂ. ಎಂದರೆ ಮೂರು ವರ್ಷ ಎಂದಿತ್ತು. ಈಗ ಅಷ್ಟು ಸರಳವಾಗಿಲ್ಲ. ಕರ್ನಾಟಕ ಸರಕಾರ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯನ್ನು ತಂದು, 2024ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟು, ಆ ಸಾಲಿನಿಂದ ಮೂರು ವರ್ಷದ ಪದವಿಗೆ ಮರಳಿತು. ಅದೇ 2024ರ ಸಾಲಿನಲ್ಲಿ ಮಹಾರಾಷ್ಟ್ರದ ಸಂಯೋಜಿತ ಕಾಲೇಜುಗಳು ಹೊಸ ನೀತಿಗೆ ಹೊರಳಿದವು. ಅಲ್ಲಿ ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು, ನಾಲ್ಕನೆಯ ವರ್ಷ ಓದಿ ಆನರ್ಸ್ ಕೂಡ ಪಡೆಯಬಹುದು. ನಡುವೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗವಾಗಬೇಕೆಂದರೆ ವಿಷಯಗಳು ಹೊಂದುವುದು ಕಷ್ಟ. ಸೇರುವಾಗಲೇ ನಿರ್ಧರಿಸಿ ಸೇರಬೇಕು.

ಬಿ.ಬಿ.ಎ. ಬಯಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. 2024ರ ಸಾಲಿನಿಂದ ಬಿ.ಬಿ.ಎ., ಬಿ.ಸಿ.ಎ. ತರಗತಿಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ವ್ಯಾಪ್ತಿಗೆ ಬಂದಿವೆ. ಅದೇ ವರ್ಷ ಮಹಾರಾಷ್ಟ್ರ ಈ ತರಗತಿಗಳಿಗೆ ಪ್ರವೇಶ ಪರೀಕ್ಷೆಯನ್ನು ಜಾರಿಗೆ ತಂದಿತು. ಪಿಯುಸಿ ಫಲಿತಾಂಶ ಬಂದ ಮೇಲೆ ಕೊಲ್ಹಾಪುರಕ್ಕೋ ಸಾಂಗಲಿಗೋ ಹೋಗಿ ಬಿ.ಬಿ.ಎ. ಕೇಳಿದರೆ ಪರೀಕ್ಷೆಯ ದಿನ ಕಳೆದುಹೋಗಿರಬಹುದು. ಬಿ.ಕಾಂ.ಗೆ ಈ ತೊಡಕಿಲ್ಲ.

ಇನ್ನು ಖರ್ಚಿನ ಮಾತು. 2023ರ ಜೂನ್‌ನಿಂದ ನಮ್ಮ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಯಿತು. ಮಹಾರಾಷ್ಟ್ರ ಸಾರಿಗೆ ಅದೇ ವರ್ಷ ಮಾರ್ಚಿನಿಂದ ತನ್ನ ಗಡಿಯೊಳಗೆ ಅರ್ಧ ದರ ಮಾಡಿತು. ದಿನವೂ ಓಡಾಡಿ ಓದುವ ಹುಡುಗಿಯ ಮನೆಗೆ ಇದು ಸಣ್ಣ ಲೆಕ್ಕವಲ್ಲ. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿ.ಕಾಂ. ಓದುವ ಗಂಡುಮಕ್ಕಳಿಗೆ ವರ್ಷಕ್ಕೆ 5,000 ರೂಪಾಯಿ, ಹೆಣ್ಣುಮಕ್ಕಳಿಗೆ 5,500 ರೂಪಾಯಿ ಎಂದು ಗೊತ್ತುಪಡಿಸಲಾಗಿತ್ತು. ಇಂಥ ವೇತನಗಳು ಈ ಸಾಲಿಗೆ ಇವೆಯೇ, ಗಡಿಯಾಚೆ ಓದಿದರೂ ಸಿಗುತ್ತವೆಯೇ ಎಂದು ಪ್ರವೇಶಕ್ಕೆ ಮೊದಲೇ ಕಚೇರಿಯಲ್ಲಿ ವಿಚಾರಿಸಬೇಕು. ಆಮೇಲೆ ಕೇಳಿ ಫಲವಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಮಗನಾದರೆ ದೂರದ ನಗರ, ಮಗಳಾದರೆ ಹತ್ತಿರದ ಯಾವುದಾದರೊಂದು ಕಾಲೇಜು ಎಂಬ ನಿಯಮ ಹಲವು ಮನೆಗಳಲ್ಲಿದೆ. ಹತ್ತಿರದ ಕಾಲೇಜು ಒಳ್ಳೆಯದಾಗಿದ್ದರೆ ಇಬ್ಬರನ್ನೂ ಅಲ್ಲಿಗೆ ಕಳುಹಿಸಿರಿ. ಒಳ್ಳೆಯದಲ್ಲದಿದ್ದರೆ ಮಗಳನ್ನು ಅಲ್ಲಿಗೆ ಕಳುಹಿಸುವುದೂ ನಷ್ಟವೇ. ಲೆಕ್ಕದ ವಿದ್ಯೆ ಮನೆಯಲ್ಲಿ ಕುಳಿತೂ ಸಂಪಾದನೆ ಮಾಡಬಲ್ಲ ವಿದ್ಯೆ ಎಂಬುದನ್ನು ಮರೆಯಬಾರದು.

ಯಾವ ಕೆಲಸಕ್ಕೆ ಯಾವ ಓದು

ಮಗ ಅಥವಾ ಮಗಳು ಚಾರ್ಟರ್ಡ್ ಅಕೌಂಟೆಂಟ್ ಆಗಬೇಕೆಂದಿದ್ದರೆ ವಿಶ್ವವಿದ್ಯಾಲಯದ ಹೆಸರಿಗೆ ಇನ್ನೂ ಕಡಿಮೆ ಬೆಲೆ. ಆ ಪರೀಕ್ಷೆಯನ್ನು ನಡೆಸುವುದು 1949ರ ಕಾನೂನಿನಂತೆ ಸ್ಥಾಪನೆಯಾದ ರಾಷ್ಟ್ರಮಟ್ಟದ ಸಂಸ್ಥೆ. ಅಥಣಿಯವನಿಗೂ ಮುಂಬಯಿಯವನಿಗೂ ಪ್ರಶ್ನೆಪತ್ರಿಕೆ ಒಂದೇ. ಪಿಯುಸಿ ಮುಗಿಸಿ ಫೌಂಡೇಶನ್ ಪರೀಕ್ಷೆ ಬರೆಯಬಹುದು. ಅಥವಾ ವಾಣಿಜ್ಯ ಪದವಿಯಲ್ಲಿ ಶೇಕಡಾ 55 ಅಂಕ ಪಡೆದು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಕಚೇರಿಯಲ್ಲಿ ದುಡಿದು ಕಲಿಯುವ ಅವಧಿಯನ್ನು 2023ರ ಹೊಸ ಪದ್ಧತಿಯಲ್ಲಿ ಮೂರರಿಂದ ಎರಡು ವರ್ಷಕ್ಕೆ ಇಳಿಸಿದ್ದಾರೆ. ಆ ಸಂಸ್ಥೆಯ ಶಾಖೆಗಳು ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಮೂರೂ ಕಡೆ ಇವೆ. ಅಂಥ ವಿದ್ಯಾರ್ಥಿಗೆ ಬೇಕಾದದ್ದು ಲೆಕ್ಕಶಾಸ್ತ್ರದ ಬುನಾದಿ ಗಟ್ಟಿ ಮಾಡುವ ಕಾಲೇಜು, ಮತ್ತು ಮನೆಯ ಖರ್ಚು ಉಳಿಸಿ ಮುಂದಿನ ವರ್ಷಗಳಿಗೆ ಇಡುವ ಅನುಕೂಲ.

ಊರಿನ ಆಸುಪಾಸಿನಲ್ಲೇ ಕೆಲಸ ಮಾಡುವವರ ವಿಷಯ ಬೇರೆ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಮುಂತಾದ ಸಹಕಾರಿ ಸಕ್ಕರೆ ಕಾರ್ಖಾನೆಗಳು, ಹಾಲಿನ ಸಂಘಗಳು, ಪತ್ತಿನ ಸಂಘಗಳು ಇರುವ ಸೀಮೆ ಅದು. ಅಲ್ಲಿ ಕೀರ್ದಿ, ಖಾತೆ, ಅಢಾವೆ ಪತ್ರಿಕೆ ಬಲ್ಲವರಿಗೆ ಕೆಲಸವಿದೆ. ಆದರೆ ಕರ್ನಾಟಕದ ಸಂಘಗಳು 1959ರ ಕಾನೂನಿಗೂ, ಮಹಾರಾಷ್ಟ್ರದ ಸಂಘಗಳು 1960ರ ಕಾನೂನಿಗೂ ಒಳಪಟ್ಟಿವೆ. ಈಚೆ ನಡಾವಳಿ ಪುಸ್ತಕ ಕನ್ನಡದಲ್ಲಿ, ಆಚೆ ಮರಾಠಿಯಲ್ಲಿ. ಈಚೆಯ ಸಂಘದಲ್ಲಿ ಕಾರ್ಯದರ್ಶಿಯಾಗಬೇಕೆಂದಿರುವವನು ಈಚೆ ಓದುವುದೇ ಮೇಲು. ಕೊಲ್ಹಾಪುರ, ಸಾಂಗಲಿಯ ಪೇಟೆಯಲ್ಲಿ ವ್ಯಾಪಾರ ಮಾಡಬೇಕೆಂದಿರುವವನಿಗೆ ಆಚೆಯ ಓದು, ಆಚೆಯ ಸ್ನೇಹ ಸಹಾಯವಾಗುತ್ತದೆ. ಇದರಲ್ಲಿ ಭಾಷಾಭಿಮಾನದ ಪ್ರಶ್ನೆಯನ್ನು ತರಬೇಕಾಗಿಲ್ಲ. ಎರಡು ಭಾಷೆ ಬಲ್ಲ ಗುಮಾಸ್ತನಿಗೆ ಗಡಿಯಲ್ಲಿ ಯಾವಾಗಲೂ ಬೆಲೆ ಹೆಚ್ಚು.

ಬೆಂಗಳೂರಿನ ದೊಡ್ಡ ಕಾಲೇಜುಗಳಿಗೆ ಕಂಪನಿಗಳು ತಾವಾಗಿ ಬಂದು ಕೆಲಸ ಕೊಡುತ್ತವೆ ಎಂಬ ವಾದವನ್ನು ನಾವು ಬಲ್ಲೆವು. ಅದರಲ್ಲಿ ಸತ್ಯವಿದೆ. ಆದರೆ ಆ ಮಾತು ಕೆಲವು ಕಾಲೇಜುಗಳಿಗೆ ಮಾತ್ರ ಸಲ್ಲುತ್ತದೆ, ನಗರದ ಎಲ್ಲ ಕಾಲೇಜುಗಳಿಗಲ್ಲ. ಸಾಲ ಮಾಡಿ ಕಳುಹಿಸುವವರು ಹಿಂದಿನ ವರ್ಷ ಎಷ್ಟು ಮಂದಿಗೆ, ಯಾವ ಸಂಬಳದ ಕೆಲಸ ಸಿಕ್ಕಿತೆಂಬುದನ್ನು ಬರವಣಿಗೆಯಲ್ಲಿ ಕೇಳಬೇಕು.

ನಮ್ಮ ತೋಟಗಳಿಗೆ ಇದರಿಂದೇನು?

ಗಡಿಯ ಈ ಪಾಠ ನಮಗೂ ದೂರದ್ದಲ್ಲ. ಕಾಸರಗೋಡಿನ ಅಡಿಕೆ ಬೆಳೆಗಾರರ ಮಕ್ಕಳ ಮುಂದೆ 1980ರ ಮಂಗಳೂರು ವಿಶ್ವವಿದ್ಯಾಲಯವೂ ಇದೆ, 1996ರ ಕಣ್ಣೂರು ವಿಶ್ವವಿದ್ಯಾಲಯವೂ ಇದೆ. ಕೇರಳವೂ 2024ರಿಂದ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿದೆ. ಕೊಡಗು, ಹಾಸನದ ಕಾಫಿ ಸೀಮೆಯಲ್ಲಿ ಹೊಸ ವಿಶ್ವವಿದ್ಯಾಲಯಗಳು ಬಂದವು; 2025ರ ಆರಂಭದಲ್ಲಿ ಅಂಥ ಒಂಬತ್ತನ್ನು ಮುಚ್ಚುವ ಇಲ್ಲವೆ ವಿಲೀನಗೊಳಿಸುವ ಮಾತು ಸರಕಾರದ ಮಟ್ಟದಲ್ಲಿ ಎದ್ದಿತು. ವಿಶ್ವವಿದ್ಯಾಲಯದ ಫಲಕ ಬದಲಾದರೂ ಕಲಿತ ಲೆಕ್ಕ ಬದಲಾಗುವುದಿಲ್ಲ.

ಮತ್ತು ಆ ಲೆಕ್ಕ ನಮಗೆ ಬೇಕಾಗಿದೆ. ಕಾಫಿ ಬೆಳೆದು ತಾನೇ ಸಂಸ್ಕರಿಸಿ ಮಾರುವ ಬೆಳೆಗಾರನ ಆದಾಯದಲ್ಲಿ ಶೇಕಡಾ 25ನ್ನು, ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40ನ್ನು ವ್ಯಾಪಾರದ ಆದಾಯವೆಂದು ಎಣಿಸಿ ಆದಾಯ ತೆರಿಗೆ ಹಾಕುವ ನಿಯಮವಿದೆ. ಇದನ್ನು ತಿಳಿಸಿ ಹೇಳಬಲ್ಲವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ? 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಎರಡು ರಾಜ್ಯಗಳ ಬೆಳೆಗಾರರನ್ನು ಒಂದುಗೂಡಿಸಿದ ಸಂಸ್ಥೆ. ಅಂಥ ಸಂಸ್ಥೆಗಳಿಗೂ, ನಮ್ಮ ಸಣ್ಣ ಸಂಘಗಳಿಗೂ ಬೆಳೆಯನ್ನೂ ಲೆಕ್ಕವನ್ನೂ ಬಲ್ಲ ತರುಣ ತರುಣಿಯರು ಬೇಕು.

ಆದುದರಿಂದ ಸಂಘಗಳ ಆಡಳಿತ ಮಂಡಳಿಗಳಿಗೆ ನಮ್ಮದೊಂದು ಸೂಚನೆ. ಪ್ರತಿ ವರ್ಷ ಪಿಯುಸಿ ಫಲಿತಾಂಶಕ್ಕೆ ಮೊದಲು ಒಂದು ಭಾನುವಾರ ಸದಸ್ಯರ ಮಕ್ಕಳನ್ನೂ ತಂದೆತಾಯಿಗಳನ್ನೂ ಕರೆದು, ಸಂಘದ ಲೆಕ್ಕಪರಿಶೋಧಕರಿಂದಲೂ ಹತ್ತಿರದ ಕಾಲೇಜಿನ ಉಪನ್ಯಾಸಕರಿಂದಲೂ ಎರಡು ಗಂಟೆ ಮಾತನಾಡಿಸಬೇಕು. ರಜೆಯಲ್ಲಿ ಇಬ್ಬರು ಬಿ.ಕಾಂ. ವಿದ್ಯಾರ್ಥಿಗಳಿಗೆ ಸಂಘದ ಪುಸ್ತಕಗಳ ಮುಂದೆ ಕುಳಿತು ಕಲಿಯುವ ಅವಕಾಶ ಕೊಡಬೇಕು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಒಂದು ಠರಾವು ಸಾಕು. ಮುಂದಿನ ಮಹಾಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸುವಂತೆ ಸದಸ್ಯ ಬಂಧುಗಳು ಒತ್ತಾಯಿಸಬೇಕೆಂದು ಕೋರುತ್ತೇವೆ.